ಮೆಕ್ಕೆಜೋಳದ ಲದ್ದಿಹುಳುವಿಗೆ ಬಿಟಿ ಪುಡಿ: ನಮ್ಮ ಮಳೆಯಲ್ಲಿ ಅದು ಕೆಲಸ ಮಾಡುತ್ತದೆಯೇ?

ಕೆಂಪುಮಣ್ಣು (ಶಿಕಾರಿಪುರ ತಾಲ್ಲೂಕು) ಕೇಳಿದ ಪ್ರಶ್ನೆ

ನನ್ನದು ಮಳೆಯಾಶ್ರಿತ ಜಮೀನು. ಮೃಗಶಿರಾ ಮಳೆಗೆ ಬಿತ್ತಿದ ಮೆಕ್ಕೆಜೋಳ ಈಗ ಮೂರು ವಾರದ ಪೈರಾಗಿದ್ದು, ಆರಿದ್ರಾ ಮಳೆ ಹಿಡಿದು ಬಿಟ್ಟು ಸುರಿಯುತ್ತಿದೆ. ಕೆಲವು ದಿನಗಳಿಂದ ಅಲ್ಲಲ್ಲಿ ಎಲೆಯ ಹಸಿರನ್ನು ಕೆರೆದು ತಿಂದ ಬಿಳಿ ಮಚ್ಚೆಗಳು ಕಾಣುತ್ತಿವೆ. ಕೆಲವು ಗಿಡಗಳ ಸುಳಿಯನ್ನು ಬಿಡಿಸಿದರೆ ಒಳಗೆ ಹಸಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದೆ. ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇರುವುದರಿಂದ ಇದು ಫಾಲ್ ಸೈನಿಕ ಹುಳುವೇ, ನಮ್ಮ ಕಡೆ ಲದ್ದಿಹುಳು ಎನ್ನುವುದೇ, ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಸಲ ವಿಷದ ಔಷಧಿಯ ಬದಲು ಬಿಟಿ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಹೊಡೆಯಬೇಕೆಂದಿದ್ದೇನೆ. ಆದರೆ ಪಕ್ಕದ ಜಮೀನಿನವರು ಅದನ್ನು ಹೊಡೆದ ಮರುದಿನ ಬೆಳಿಗ್ಗೆ ಹುಳುಗಳು ಜೀವಂತವಾಗಿಯೇ ಇದ್ದವೆಂದು ಬೇಸರಪಟ್ಟು, ಅದರ ಮರುದಿನವೇ ಬೇರೆ ಔಷಧಿ ಹೊಡೆದುಬಿಟ್ಟರು. ಅಂಗಡಿಯಲ್ಲಿ ವಿಚಾರಿಸಿದರೆ ‘ಜೈವಿಕ’ ಎಂದು ಬರೆದ ನಾಲ್ಕು ಬಗೆಯ ಪೊಟ್ಟಣಗಳನ್ನು ಮುಂದಿಟ್ಟು, ಯಾವುದನ್ನು ಒಯ್ದರೂ ನಡೆಯುತ್ತದೆ ಎಂದರು. ಈ ಬ್ಯಾಕ್ಟೀರಿಯಾ ನಿಜವಾಗಿ ಹುಳುವನ್ನು ಕೊಲ್ಲುತ್ತದೆಯೇ? ದಿನವೂ ಮಳೆ ಬೀಳುವಾಗ ಹೊಡೆದು ಪ್ರಯೋಜನವುಂಟೇ? ಹೊಡೆದ ಮೇಲೆ ಒತ್ತಾದ ಪೈರನ್ನು ಕಿತ್ತು ದನಗಳಿಗೆ ಹಾಕಬಹುದೇ? ಜೊತೆಗೆ ಅರ್ಧ ಎಕರೆ ಅಡಿಕೆಯೂ ಇದ್ದು, ಅದರಲ್ಲಿ ಬೇರುಹುಳುವಿನ ಕಾಟವಿದೆ; ಅದಕ್ಕೂ ಇದೇ ಪುಡಿ ಆಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸುಳಿನೋಟ (ಶಿವಮೊಗ್ಗ) ಅವರ ಉತ್ತರ

ನಿಮ್ಮ ನೆರೆಯವರು ಮರುದಿನ ಕಂಡದ್ದು ಆಗಬೇಕಾದದ್ದೇ. ಅದರ ಮರುದಿನವೇ ಇನ್ನೊಂದು ಔಷಧಿ ಹೊಡೆದದ್ದರಿಂದ, ಬಿಟಿ ಕೆಲಸ ಮಾಡುತ್ತಿತ್ತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಮುಚ್ಚಿಹೋಯಿತು. ಬಿಟಿಯನ್ನು ಮುಟ್ಟಿದರೆ ಸಾಯಿಸುವ ವಿಷವೆಂದು ಭಾವಿಸಿ ಹೊಡೆಯುವವರಿಗೆಲ್ಲ ಹೀಗೆಯೇ ಆಗುತ್ತದೆ. ಅದು ಹುಳುವಿನ ಮೈಮೇಲೆ ಬಿದ್ದರೆ ಏನೂ ಆಗುವುದಿಲ್ಲ; ಎಲೆಯೊಡನೆ ಹೊಟ್ಟೆಗೆ ಹೋಗಬೇಕು.

ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್; ಅದು ಮಣ್ಣಿನಲ್ಲಿ, ಎಲೆಗಳ ಮೇಲೆ, ಧಾನ್ಯದ ಧೂಳಿನಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾ. ಆಹಾರ ಮುಗಿಯುತ್ತ ಬಂದಾಗ ಅದು ತನ್ನೊಳಗೆ ಒಂದು ಬೀಜಕವನ್ನೂ (ಕಷ್ಟಕಾಲ ಕಳೆಯುವ ಗಟ್ಟಿ ಕವಚದ ರೂಪ), ಅದರ ಪಕ್ಕದಲ್ಲಿ ಪ್ರೋಟೀನಿನ ಹರಳನ್ನೂ ಕಟ್ಟಿಕೊಳ್ಳುತ್ತದೆ. ನೀವು ಕೊಳ್ಳುವ ಪುಡಿಯಲ್ಲಿ ಮುಖ್ಯವಾಗಿ ಇರುವುದು ಈ ಬೀಜಕ ಮತ್ತು ಹರಳುಗಳೇ. ಹರಳು ತನ್ನಷ್ಟಕ್ಕೆ ವಿಷವಲ್ಲ. ಎಲೆ ತಿನ್ನುವ ಕಂಬಳಿಹುಳುಗಳ ಮಧ್ಯಕರುಳಿನ ರಸ ಪ್ರಬಲವಾದ ಕ್ಷಾರವಾಗಿರುತ್ತದೆ, ಪಿಎಚ್ 9ಕ್ಕಿಂತಲೂ ಹೆಚ್ಚು; ಅಲ್ಲಿ ಹರಳು ಕರಗಿ, ಹುಳುವಿನದೇ ಜೀರ್ಣರಸಗಳು ಆ ಪ್ರೋಟೀನನ್ನು ಕತ್ತರಿಸಿದ ಮೇಲೆ ಅದು ವಿಷವಾಗಿ ಮಾರ್ಪಡುತ್ತದೆ. ಆಮೇಲೆ ಅದು ಕರುಳಿನ ಒಳಗೋಡೆಯಲ್ಲಿರುವ ನಿರ್ದಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ಜೀವಕೋಶಗಳಲ್ಲಿ ರಂಧ್ರ ಮಾಡುತ್ತದೆ. ಕರುಳು ಸ್ತಬ್ಧವಾಗುತ್ತದೆ, ಹುಳು ಕೆಲವೇ ಗಂಟೆಗಳಲ್ಲಿ ಮೇವು ಬಿಡುತ್ತದೆ, ಕರುಳಿನೊಳಗಿನ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗಿ ಎರಡರಿಂದ ಐದು ದಿನಗಳೊಳಗೆ ಅದನ್ನು ಮುಗಿಸುತ್ತವೆ. ಹಾಗಾಗಿ ಮರುದಿನ ನೋಡಬೇಕಾದದ್ದು ಹುಳು ಸತ್ತಿದೆಯೇ ಎಂಬುದನ್ನಲ್ಲ, ಸುಳಿಯಲ್ಲಿ ಹೊಸ ಹಿಕ್ಕೆ ಬಿದ್ದಿದೆಯೇ ಎಂಬುದನ್ನು.

ಇದನ್ನು ಕಣ್ಣಾರೆ ಕಾಣಬೇಕಾದರೆ ಸುಲಭದ ಉಪಾಯವಿದೆ. ಹೊಡೆದ ಸಾಲಿನಿಂದ ನಾಲ್ಕಾರು ಎಲೆ, ಹೊಡೆಯದ ಸಾಲಿನಿಂದ ನಾಲ್ಕಾರು ಎಲೆ ತಂದು, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ಡಬ್ಬಿಗಳಲ್ಲಿ ಒಂದೊಂದೇ ಸಣ್ಣ ಹುಳುವನ್ನು ಬಿಡಿ. ಈ ಹುಳುಗಳು ಒಂದನ್ನೊಂದು ತಿನ್ನುವುದರಿಂದ ಒಂದು ಡಬ್ಬಿಗೆ ಒಂದೇ ಇರಬೇಕು. ಹೊಡೆಯದ ಎಲೆಯ ಡಬ್ಬಿಯಲ್ಲಿ ಮರುದಿನವೇ ತಳದ ತುಂಬ ಹಿಕ್ಕೆ ಉದುರಿರುತ್ತದೆ. ಹೊಡೆದ ಎಲೆಯ ಡಬ್ಬಿಯಲ್ಲಿ ಎಲೆಯ ಅಂಚು ಸ್ವಲ್ಪ ಕಚ್ಚಿಸಿಕೊಂಡು ಹಾಗೆಯೇ ಉಳಿದಿರುತ್ತದೆ. ಹುಳು ಮುಟ್ಟಿದರೆ ನಿಧಾನವಾಗಿ ಮಿಸುಕುತ್ತದೆ, ಮೈಯ ಹೊಳಪು ಹೋಗಿ ಕುಗ್ಗುತ್ತದೆ, ಆಮೇಲೆ ಕಪ್ಪಾಗಿ ಮೆತ್ತಗಾಗಿ ವಾಸನೆ ಬರುತ್ತದೆ. ಪೊಟ್ಟಣದೊಳಗಿನ ಸರಕು ಜೀವವುಳ್ಳದ್ದೋ ಬರೀ ಹಿಟ್ಟೋ ಎಂಬುದಕ್ಕೂ ಇದೇ ಪರೀಕ್ಷೆ.

ಈಗ ನಿಮ್ಮ ಹೊಲದ ವಿಷಯ. ಭಾರತದಲ್ಲಿ ಈ ಹುಳು ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿಯೇ, 2018ರ ಮೇ ತಿಂಗಳಿನಲ್ಲಿ. ಇಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಗುರುತಿಸಿದರು. ಅಮೆರಿಕ ಖಂಡಗಳ ಈ ಕೀಟಕ್ಕೆ ಬಿಟಿ ಆಗುತ್ತದೆಯಾದರೂ ಎಲೆಕೋಸಿನ ಹುಳುವಿಗೆ ಆದಷ್ಟು ಸಲೀಸಾಗಿ ಆಗುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಕುರ್ಸ್ಟಾಕಿ ಎಂಬ ಉಪಪ್ರಭೇದ. ಈ ಲದ್ದಿಹುಳು ಸೇರಿರುವ ಸ್ಪೋಡಾಪ್ಟೆರಾ ಕುಲದ ಹುಳುಗಳಿಗೆ ಐಜಾವಾಯ್ ಎಂಬ ಇನ್ನೊಂದು ಉಪಪ್ರಭೇದ ಹೆಚ್ಚು ಪರಿಣಾಮಕಾರಿ; ಅದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಕುರ್ಸ್ಟಾಕಿಯನ್ನೇ ಹುಳು ಬಹಳ ಸಣ್ಣದಿರುವಾಗ ಬಳಸಬೇಕು. ಈ ಹುಳು ಆರು ಹಂತಗಳಲ್ಲಿ ಬೆಳೆಯುತ್ತದೆ. ಮೊದಲ ಎರಡು ಹಂತಗಳಲ್ಲಿ ಅದು ಎಲೆಯ ಮೇಲ್ಪದರವನ್ನು ಕೆರೆಯುತ್ತದೆ, ನೀವು ಹೇಳಿದ ಬಿಳಿ ಮಚ್ಚೆಗಳು ಅದರ ಗುರುತು. ಮುಂದೆ ಅದು ಸುಳಿಯೊಳಗೆ ಸೇರಿ ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಂಡ ಮೇಲೆ ಬಿಟಿ ಅದರ ಬಾಯಿಗೆ ತಲುಪುವುದೂ ಕಷ್ಟ, ತಲುಪಿದರೂ ಬಲಿತ ಹುಳುವಿನ ಕರುಳು ಗಾಯವನ್ನು ರಿಪೇರಿ ಮಾಡಿಕೊಂಡು ಉಳಿಯುವ ಸಂಭವವಿದೆ.

ಪ್ರಮಾಣ ಲೀಟರ್ ನೀರಿಗೆ 2 ಗ್ರಾಂ, ಎಕರೆಗೆ 400 ಗ್ರಾಂ ಎಂಬುದು ಕೃಷಿ ಸಂಸ್ಥೆಗಳ ಶಿಫಾರಸು. ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಬಟ್ಟೆಯಲ್ಲಿ ಸೋಸಿ, ಅಂಟುದ್ರಾವಣ ಸೇರಿಸಿ, ಅದೇ ದಿನ ಬಳಸಿಬಿಡಿ. ಸಂಜೆ ನಾಲ್ಕರ ನಂತರ ಹೊಡೆಯಿರಿ, ಏಕೆಂದರೆ ಬಿಸಿಲಿನ ನೇರಳಾತೀತ ಕಿರಣ ಹರಳು ಮತ್ತು ಬೀಜಕಗಳೆರಡನ್ನೂ ಕೆಡಿಸುತ್ತದೆ, ಹುಳುವೂ ಕತ್ತಲಾದ ಮೇಲೆಯೇ ಹೆಚ್ಚು ಮೇಯುತ್ತದೆ. ನಳಿಗೆಯ ಬಾಯಿಯನ್ನು ಸುಳಿಯ ಮೇಲಕ್ಕೆ ಹಿಡಿದು, ದ್ರಾವಣ ಸುಳಿಯೊಳಗೆ ಇಳಿಯುವಂತೆ ಗಿಡಗಿಡಕ್ಕೂ ಹೊಡೆಯಬೇಕು. ದೂರದಿಂದ ಮಂಜಿನ ಹಾಗೆ ಬೀಸಿಕೊಂಡು ಹೋಗುವ ಅಭ್ಯಾಸವೇ ಹೆಚ್ಚಿನ ಸೋಲಿಗೆ ಕಾರಣ ಎಂಬುದು ನನ್ನ ಅಭಿಪ್ರಾಯ.

ಮಳೆಯ ಬಗ್ಗೆ ಹೇಳಬೇಕಾದರೆ, ಜಡಿಮಳೆಯಲ್ಲಿ ಹೊಡೆದದ್ದು ನೀರುಪಾಲು. ಆದರೆ ನಿಮ್ಮದು ಅರೆಮಲೆನಾಡು. ಆಗುಂಬೆಯ ಮಳೆ ನಿಮಗಿಲ್ಲ. ಮಧ್ಯಾಹ್ನ ಹೊಳವಾಗಿ ಎಲೆ ಒಣಗಿದ ಸಂಜೆಯನ್ನು ನೋಡಿಕೊಂಡು ಹೊಡೆದರೆ, ಆ ಒಂದು ರಾತ್ರಿ ಮಳೆ ಬಾರದಿದ್ದರೆ ಸಾಕು, ಮೇಯುವ ಹುಳು ತನ್ನ ಪಾಲು ತಿಂದಿರುತ್ತದೆ. ಮೋಡದ ವಾತಾವರಣದಲ್ಲಿ ಬಿಸಿಲಿನ ಹಾನಿ ಕಡಿಮೆ ಎಂಬುದು ನಮ್ಮ ಸೀಮೆಗೆ ಸಿಗುವ ಒಂದು ಅನುಕೂಲ. ಎಲೆಯ ಮೇಲೆ ಅದರ ಆಯಸ್ಸು ಹೇಗೂ ಕೆಲವೇ ದಿನ, ಹೊಸ ಎಲೆಗಳು ಸುಳಿಯಿಂದ ಮೇಲೆ ಬರುತ್ತಲೇ ಇರುತ್ತವೆ. ಆದ್ದರಿಂದ ವಾರ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಗಿಡಗಳನ್ನು ನೋಡಿ, ಹೊಸ ಮಚ್ಚೆ ಕಂಡರೆ ಮಾತ್ರ ಮತ್ತೆ ಹೊಡೆಯಬೇಕು.

ದನಗಳ ವಿಷಯದಲ್ಲಿ ಆತಂಕ ಬೇಡ. ನಮ್ಮ ಜಠರದಲ್ಲಿರುವುದು ಆಮ್ಲ. ಆ ಹರಳಿಗೆ ಬೇಕಾದ ಕ್ಷಾರವಾಗಲಿ, ಅದು ಅಂಟಿಕೊಳ್ಳುವ ಗ್ರಾಹಕಗಳಾಗಲಿ ಮನುಷ್ಯರ ಮತ್ತು ದನಗಳ ಕರುಳಿನಲ್ಲಿಲ್ಲ. ಜೇನುನೊಣಕ್ಕೂ ಕುರ್ಸ್ಟಾಕಿಯಿಂದ ಹಾನಿಯಿಲ್ಲ. ಆದರೂ ಪುಡಿಯನ್ನು ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಣ್ಣಿಗೆ ಬಿದ್ದರೆ ಉರಿಯುತ್ತದೆ.

ಅಡಿಕೆ ಹಾಳೆ (ತೀರ್ಥಹಳ್ಳಿ) ಅವರ ಉತ್ತರ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಅಡಿಕೆಯ ಬೇರುಹುಳುವಿನ ವಿಷಯವನ್ನಷ್ಟೇ ಬರೆಯುತ್ತೇನೆ. ಕುರ್ಸ್ಟಾಕಿ ಪುಡಿಯನ್ನು ಅಡಿಕೆ ಬುಡಕ್ಕೆ ಹಾಕಿದರೆ ಹಣ ಮಣ್ಣುಪಾಲು. ಅದು ಪತಂಗದ ಮರಿಗಳಿಗೆ, ಎಂದರೆ ಕಂಬಳಿಹುಳುಗಳಿಗೆ ಮಾತ್ರ ತಾಗುವಂಥದು. ಬೇರುಹುಳು ದುಂಬಿಯ ಮರಿ. ಬಿಟಿಯಲ್ಲಿ ಒಂದೊಂದು ಉಪಪ್ರಭೇದಕ್ಕೂ ಒಂದೊಂದು ಗುಂಪಿನ ಕೀಟ ಎಂಬಂತೆ ಹಂಚಿಕೆಯಾಗಿದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ದೊರೆತ ಇಸ್ರೇಲೆನ್ಸಿಸ್ ಸೊಳ್ಳೆಮರಿಗಳಿಗೆ, ಟೆನೆಬ್ರಿಯೋನಿಸ್ ಎಂಬುದು ಆಲೂಗಡ್ಡೆಯ ಎಲೆ ತಿನ್ನುವ ಕೆಲವು ದುಂಬಿಗಳಿಗೆ. ನಮ್ಮ ತೋಟದ ಲ್ಯೂಕೋಫೋಲಿಸ್ ಜಾತಿಯ ದಪ್ಪ ಬಿಳಿ ಹುಳುವಿಗೆ ಇವು ಯಾವುವೂ ಉತ್ತರವಲ್ಲ.

ಅದಕ್ಕೆ ಬೇರೊಂದು ಬ್ಯಾಕ್ಟೀರಿಯಾ ಇದೆ, ಆದರೆ ಅದು ತಾನಾಗಿ ಹುಳುವಿನೊಳಗೆ ಹೋಗಲಾರದು. ಹೆಟೆರೊರಾಬ್ಡೈಟಿಸ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ನೆಮಟೋಡ್ (ದಾರದಂಥ ಹುಳು) ತನ್ನ ಕರುಳಿನಲ್ಲಿ ಫೋಟೊರಾಬ್ಡಸ್ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತುಕೊಂಡು ಮಣ್ಣಿನ ತೇವದಲ್ಲಿ ಚಲಿಸುತ್ತದೆ. ಬೇರುಹುಳು ಸಿಕ್ಕಿದಾಗ ಅದರ ಬಾಯಿ, ಗುದ ಅಥವಾ ಉಸಿರಾಟದ ರಂಧ್ರಗಳ ಮೂಲಕ ಒಳಹೊಕ್ಕು ಬ್ಯಾಕ್ಟೀರಿಯಾವನ್ನು ಅದರ ರಕ್ತಕ್ಕೆ ಬಿಡುತ್ತದೆ. ಹುಳು ಎರಡು ಮೂರು ದಿನಗಳಲ್ಲಿ ಸಾಯುತ್ತದೆ, ಬ್ಯಾಕ್ಟೀರಿಯಾ ಅದರ ದೇಹವನ್ನು ಜೀರ್ಣಿಸುತ್ತದೆ, ನೆಮಟೋಡ್ ಆ ರಸವನ್ನು ಉಂಡು ಸಂತಾನ ಬೆಳೆಸಿಕೊಂಡು ಮಣ್ಣಿಗೆ ಮರಳುತ್ತದೆ. ಹೀಗೆ ಸತ್ತ ಹುಳು ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಬುಡ ಅಗೆದಾಗ ಬಿಳಿಯ ಹುಳುಗಳ ನಡುವೆ ಕೆಂಪಾದದ್ದು ಸಿಕ್ಕಿದರೆ ಕೆಲಸ ಆಗುತ್ತಿದೆ ಎಂದು ತಿಳಿಯಬಹುದು. ಆ ಬ್ಯಾಕ್ಟೀರಿಯಾ ಬೆಳಕು ಸೂಸುವಂಥದಾದ್ದರಿಂದ ಗಾಢ ಕತ್ತಲಲ್ಲಿ ಆ ಹೆಣ ಮಂದವಾಗಿ ಹೊಳೆಯುವುದೂ ಉಂಟು.

ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ನೆಮಟೋಡನ್ನು ನೀರಿನಲ್ಲಿ ಕದಡಿ ಬಳಸುವ ಪುಡಿಯ ರೂಪಕ್ಕೆ ತಂದಿದೆ. ಹುಳು ಸಣ್ಣದಾಗಿ ಮೇಲ್ಮಣ್ಣಿನ ಬೇರುಗಳಲ್ಲಿರುವಾಗ, ಮಣ್ಣು ಚೆನ್ನಾಗಿ ನೆನೆದಿರುವಾಗ, ಸಂಜೆಯ ಹೊತ್ತು ಬುಡದ ಸುತ್ತ ಸುರಿಯಬೇಕು. ಒಣಮಣ್ಣಿಗೆ ಹಾಕಿದರೆ ಅದು ಬದುಕುವುದಿಲ್ಲ. ತೋಟದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದು, ಮುಂಗಾರಿನ ಆರಂಭದ ಮಳೆಗಳಾದ ಮೇಲೆ ಮುಸ್ಸಂಜೆ ಹೊತ್ತು ಮಣ್ಣಿನಿಂದ ಏಳುವ ದುಂಬಿಗಳನ್ನು ಹಿಡಿದು ಕೊಲ್ಲುವುದು ಇದರ ಜೊತೆಗೇ ನಡೆಯಬೇಕು.

ಇನ್ನೊಂದು ಮಾತು. ಮಲೆನಾಡಿನಲ್ಲಿ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ದ್ರಾವಣ ಹೊಡೆಯದ ಮನೆಯಿಲ್ಲ. ಆ ಡ್ರಮ್ಮು, ಆ ಪೈಪುಗಳಲ್ಲೇ ಬಿಟಿಯನ್ನು ಕಲಸಬೇಡಿ. ಮೈಲುತುತ್ತಿನಲ್ಲಿರುವ ತಾಮ್ರ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸುಣ್ಣದ ಕ್ಷಾರದಿಂದ ಹುಳುವಿನ ಹೊಟ್ಟೆಯಲ್ಲಿ ಕರಗಬೇಕಾದ ಹರಳು ಡ್ರಮ್ಮಿನಲ್ಲೇ ಕರಗಿ ಕೆಡುತ್ತದೆ. ಜೋಳಕ್ಕೆ ಬೇರೆ ಪಂಪು ಇಟ್ಟುಕೊಳ್ಳುವುದೇ ಲೇಸು.

ಬಯಲಂಚು (ಸೊರಬ) ಅವರ ಉತ್ತರ

ಇಷ್ಟೆಲ್ಲ ಸಂಜೆ, ಹೊಳವು, ಡಬ್ಬಿ ಪರೀಕ್ಷೆ ಎಂದು ಕಾಯುವ ವ್ಯವಧಾನ ಕೂಲಿಯಾಳು ಸಿಗದ ರೈತನಿಗೆ ಎಲ್ಲಿದೆ? ಎಮಾಮೆಕ್ಟಿನ್ ಬೆಂಜೋಯೇಟ್ ಎಂಬ ಕೀಟನಾಶಕವನ್ನು ಲೀಟರಿಗೆ 0.4 ಗ್ರಾಂ ಹಾಕಿ ಒಮ್ಮೆ ಹೊಡೆದರೆ ಬಲಿತ ಹುಳುವೂ ಸಾಯುತ್ತದೆ. ಬ್ಯಾಕ್ಟೀರಿಯಾದ ಮಾತು ಕೇಳಲು ಚೆನ್ನಾಗಿದೆ, ಫಸಲು ಕೈಗೆ ಬರಬೇಕಲ್ಲ.

ಕೆಂಪುಮಣ್ಣು

ಎಲ್ಲರಿಗೂ ಧನ್ಯವಾದಗಳು. ಇಂದು ಸಾಲುಸಾಲಾಗಿ ನೋಡಿಕೊಂಡು ಬಂದೆ. ಬಿಳಿ ಮಚ್ಚೆಯ ಗಿಡಗಳೇ ಹೆಚ್ಚು. ಸುಳಿ ತೂತಾದವು ಬದುವಿನ ಪಕ್ಕದ ಸಾಲುಗಳಲ್ಲಿ ಮಾತ್ರ ಇವೆ. ಇನ್ನೊಂದು ಪ್ರಶ್ನೆ ಉಳಿದಿದೆ. ನಮ್ಮ ಊರಿನಲ್ಲಿ ಕೆಲವರು ಟ್ರೈಕೋಡರ್ಮಾ, ಸ್ಯೂಡೋಮೋನಾಸ್ ಪುಡಿಗಳನ್ನು ಕೊಟ್ಟಿಗೆ ಗೊಬ್ಬರದಲ್ಲೋ ಬೆಲ್ಲದ ನೀರಿನಲ್ಲೋ ಬೆಳೆಸಿ ಬಳಸುತ್ತಾರೆ. ಅದೇ ರೀತಿ ಒಂದು ಪೊಟ್ಟಣ ಬಿಟಿ ತಂದು ಡ್ರಮ್ಮಿನಲ್ಲಿ ಬೆಳೆಸಿಕೊಂಡರೆ ಖರ್ಚು ಉಳಿಯುವುದಿಲ್ಲವೇ?

ಗಾಜುತಟ್ಟೆ (ಸಾಗರ) ಅವರ ಉತ್ತರ

ನಾನು ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಬಿಟಿಯನ್ನು ಮನೆಯಲ್ಲಿ ಬೆಳೆಸುವ ಪ್ರಯತ್ನ ದಯವಿಟ್ಟು ಬೇಡ. ಬೆಲ್ಲದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೇನೋ ಬೆಳೆಯುತ್ತದೆ, ಬೆಳೆದದ್ದು ಯಾವುದು ಎಂಬುದೇ ತೊಡಕು. ಬಿಟಿಯ ಅತಿ ಹತ್ತಿರದ ಬಂಧು ಬ್ಯಾಸಿಲಸ್ ಸೀರಿಯಸ್. ಹಳಸಿದ ಅನ್ನದಿಂದ ವಾಂತಿ ಭೇದಿ ತರುವುದು ಅದೇ. ಹರಳು ಇದೆಯೇ ಇಲ್ಲವೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡದ ಹೊರತು ಎರಡನ್ನೂ ಬೇರ್ಪಡಿಸಿ ಹೇಳುವುದು ಪ್ರಯೋಗಾಲಯದಲ್ಲಿಯೂ ಸುಲಭವಲ್ಲ. ಎರಡನೆಯದಾಗಿ, ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತಿರುವಾಗ ಹರಳು ಇರುವುದಿಲ್ಲ; ಆಹಾರ ಮುಗಿದು ಬೀಜಕ ಕಟ್ಟುವಾಗ ಅದು ಹುಟ್ಟುತ್ತದೆ. ಡ್ರಮ್ಮಿನಲ್ಲಿ ನೊರೆಯೆದ್ದು ಹುಳಿ ವಾಸನೆ ಬಂದ ಮಾತ್ರಕ್ಕೆ ಹುಳು ಕೊಲ್ಲುವ ಪದಾರ್ಥ ತಯಾರಾಯಿತೆಂದು ಅರ್ಥವಲ್ಲ.

ಅಂಗಡಿಯವರು ಮುಂದಿಟ್ಟ ನಾಲ್ಕು ಪೊಟ್ಟಣಗಳ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಹೇಳುತ್ತೇನೆ. ನೀವು ಹೆಸರಿಸಿದ ಟ್ರೈಕೋಡರ್ಮಾ ಶಿಲೀಂಧ್ರ, ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ. ಎರಡೂ ಬೇರುಕೊಳೆ, ಸೊರಗು ಮೊದಲಾದ ರೋಗಗಳಿಗೆ ಬಳಕೆಯಾಗುವಂಥವು, ಲದ್ದಿಹುಳುವಿಗೆ ಅಲ್ಲ. ಬ್ಯೂವೇರಿಯಾ, ಮೆಟಾರೈಜಿಯಂ ಎಂದು ಬರೆದಿದ್ದರೆ ಅವು ಕೀಟಗಳಿಗೆ ರೋಗ ತರುವ ಶಿಲೀಂಧ್ರಗಳು. ಅವು ಚರ್ಮವನ್ನು ಕೊರೆದು ಒಳಹೋಗುವುದರಿಂದ ಹುಳುವಿನ ಮೈಗೆ ತಾಗಿದರೂ ಸಾಕು, ಆದರೆ ಗಾಳಿಯಲ್ಲಿ ತೇವ ಬೇಕು. ಎನ್‌ಪಿವಿ ಎಂದಿದ್ದರೆ ಅದು ವೈರಸ್, ಪ್ರತಿಯೊಂದು ಜಾತಿಯ ಹುಳುವಿಗೂ ಅದರದೇ ಬೇರೆ. ನಿಮಗೆ ಬೇಕಾದ ಪೊಟ್ಟಣದ ಮೇಲೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್ಸ್ಟಾಕಿ (ಅಥವಾ ಐಜಾವಾಯ್) ಎಂದು ಪೂರ್ತಿಯಾಗಿ ಬರೆದಿರಬೇಕು, ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟ ಸರಕನ್ನು ಕೊಳ್ಳಬೇಡಿ.

ಬಯಲಂಚು ಅವರಿಗೆ ಒಂದು ಸ್ವಾರಸ್ಯದ ಸಂಗತಿ. ಅವರು ನೆಚ್ಚಿಕೊಂಡಿರುವ ಎಮಾಮೆಕ್ಟಿನ್ನಿನ ಮೂಲವೂ ಮಣ್ಣಿನ ಬ್ಯಾಕ್ಟೀರಿಯಾವೇ. ಜಪಾನಿನ ಸತೋಷಿ ಒಮುರಾ ಅವರು ಮಣ್ಣಿನಿಂದ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿಸ್ ಅವರ್ಮಿಟಿಲಿಸ್ ತಯಾರಿಸುವ ಅವರ್ಮೆಕ್ಟಿನ್ ಎಂಬ ಪದಾರ್ಥವನ್ನು ರಾಸಾಯನಿಕವಾಗಿ ಬದಲಿಸಿ ಅದನ್ನು ಮಾಡುತ್ತಾರೆ. ಅವರ್ಮೆಕ್ಟಿನ್ ಶೋಧಕ್ಕಾಗಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದೇ ಹುಳುವಿಗೆ ಹೇಳುವ ಸ್ಪೈನೆಟೊರಾಮ್ ಕೂಡ ಸ್ಯಾಕರೊಪಾಲಿಸ್ಪೋರಾ ಎಂಬ ಇನ್ನೊಂದು ಮಣ್ಣುಜೀವಿಯಿಂದ ಬಂದದ್ದು. ಹಾಗೆಂದು ಇವನ್ನು ಬಿಟಿಯ ಸಾಲಿನಲ್ಲಿ ಕೂರಿಸುವುದು ಸರಿಯಲ್ಲ. ಇವು ನರಗಳ ಮೇಲೆ ಕೆಲಸ ಮಾಡುವ, ಬೇಗ ಕೊಲ್ಲುವ ವಿಷಗಳು. ಎಮಾಮೆಕ್ಟಿನ್ ಜೇನುನೊಣಕ್ಕೂ ಮೀನಿಗೂ ಅಪಾಯಕಾರಿ. ಹೊಲದ ಕೆಳಗೆ ಕೆರೆ ಇರುವವರು ಇದನ್ನು ನೆನಪಿನಲ್ಲಿಡಬೇಕು. ಹುಳು ಬಲಿತಿದ್ದರೆ ಅದೇ ದಾರಿ ಎಂಬ ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಬಿಟಿಯನ್ನು ಸಾಧು ಎಂದು ಹೊಗಳುವಾಗ ಮರೆಯಬಾರದ ಜೀವಿ ರೇಷ್ಮೆಹುಳು. ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ 1901ರಲ್ಲಿ ಜಪಾನಿನಲ್ಲಿ, ರೇಷ್ಮೆಹುಳುಗಳನ್ನು ದಿಢೀರನೆ ಕೊಲ್ಲುತ್ತಿದ್ದ ರೋಗದ ಬೆನ್ನು ಹತ್ತಿದಾಗ. ಜರ್ಮನಿಯ ತುರಿಂಗಿಯಾ ಪ್ರಾಂತದ ಹೆಸರು ಅದಕ್ಕೆ ಬಂದದ್ದು ಒಂದು ದಶಕದ ನಂತರ, ಅಲ್ಲಿನ ಹಿಟ್ಟಿನ ಪತಂಗದ ಹುಳುಗಳಲ್ಲಿ ಎರ್ನ್‌ಸ್ಟ್ ಬರ್ಲಿನರ್ ಅದನ್ನು ಮತ್ತೆ ಕಂಡಾಗ. ನಿಮ್ಮ ಸುತ್ತ ಯಾರದಾದರೂ ಹಿಪ್ಪುನೇರಳೆ ಇದ್ದರೆ, ಗಾಳಿಗೆ ತುಂತುರು ಅತ್ತ ಹೋಗದಂತೆ ಎಚ್ಚರ ವಹಿಸಿ ಅಥವಾ ಬಿಟಿಯನ್ನೇ ಕೈಬಿಡಿ. ಜೊತೆಗೆ, ಹುಳು ಇರಲಿ ಬಿಡಲಿ ವಾರಕ್ಕೊಮ್ಮೆ ಹೊಡೆಯುವ ಪದ್ಧತಿಯೂ ಒಳ್ಳೆಯದಲ್ಲ. ಹವಾಯಿಯಲ್ಲಿ ಬಿಟಿಯನ್ನೇ ಪದೇ ಪದೇ ಹೊಡೆದ ಹೊಲಗಳ ಎಲೆಕೋಸು ಪತಂಗ ಅದಕ್ಕೆ ನಿರೋಧ ಬೆಳೆಸಿಕೊಂಡದ್ದು 1990ರಲ್ಲಿಯೇ ದಾಖಲಾಗಿದೆ.

ಸುಳಿನೋಟ

ಕೆಂಪುಮಣ್ಣು ಅವರೇ, ಬಿಳಿ ಮಚ್ಚೆಯ ಗಿಡಗಳೇ ಹೆಚ್ಚು ಎಂದಾದರೆ ನಿಮಗೆ ಸಮಯ ಸರಿಯಾಗಿದೆ, ತಡಮಾಡಬೇಡಿ. ಬದುವಿನ ಸಾಲುಗಳ ಬಲಿತ ಹುಳುಗಳನ್ನು ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ. ಅಷ್ಟಕ್ಕಾಗಿ ಇಡೀ ಹೊಲಕ್ಕೆ ಎಮಾಮೆಕ್ಟಿನ್ ಹೊಡೆಯುವ ಅಗತ್ಯ ಕಾಣುವುದಿಲ್ಲ. ಉಳಿದ ಭಾಗಕ್ಕೆ ಮೊದಲ ಹೊಳವಿನ ಸಂಜೆಯೇ ಬಿಟಿ ಹೊಡೆದು, ಹೋಲಿಸಿ ನೋಡಲು ಎರಡು ಸಾಲನ್ನು ಹಾಗೆಯೇ ಬಿಡಿ. ಎಲೆಯ ಅಡಿಯಲ್ಲಿ ಬೂದುಬಣ್ಣದ ನವಿರು ಮುಚ್ಚಿದ ಮೊಟ್ಟೆಯ ಗುಂಪು ಕಂಡರೆ ಆ ಎಲೆಯ ತುಂಡನ್ನೇ ಕಿತ್ತು ಹೊಸಕಿಬಿಡಿ. ಒಂದೊಂದು ಗುಂಪಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಸುಳಿಯಲ್ಲಿ ಬಿಳಿಯ ಬೂಷ್ಟು ಕಟ್ಟಿಕೊಂಡು ಎಲೆಗೆ ಅಂಟಿ ಸತ್ತ ಹುಳುಗಳು ಕಂಡರೆ ಅವನ್ನು ಮಾತ್ರ ತೆಗೆಯಬೇಡಿ. ಅದು ನಮ್ಮ ಮಳೆಗಾಲದ ತೇವದಲ್ಲಿ ತಾನಾಗಿ ಹಬ್ಬುವ ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರ. ಅಂಥ ಹುಳುಗಳು ಸಾಲುಸಾಲಿನಲ್ಲಿ ಸಿಗತೊಡಗಿದರೆ ಎರಡನೆಯ ಸಲ ಬಿಟಿ ಕೊಳ್ಳುವ ಮೊದಲು ನಾಲ್ಕು ದಿನ ಕಾದು ನೋಡಿ. ಪೊಟ್ಟಣದ ಬಗ್ಗೆ ಸಂದೇಹವಿದ್ದರೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ತೋರಿಸಿ ಕೇಳಿ.